ಕೋಲು ತಿರುಗುವ ನೆಲ

ಆ ಊರಿನಲ್ಲಿ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೂರನೆಯ ದಿನ, ಒಬ್ಬ ಹೆಂಗಸು ಕೋಲು ಹಿಡಿದು ಗಡಿ ಸುತ್ತುತ್ತಿದ್ದಳು. ಅವಳನ್ನು ಎಲ್ಲರೂ ಅಳತೆಗಾತಿ ಎಂದು ಕರೆಯುತ್ತಿದ್ದರು. ಅವಳ ತಾಯಿಯನ್ನೂ ಹಾಗೆಯೇ ಕರೆದಿದ್ದರು, ತಾಯಿಯ ತಾಯಿಯನ್ನೂ ಹಾಗೆಯೇ. ಹೊಲ ಪಾಲಾಗುವಾಗ, ಮನೆಗೆ ಪಾಯ ತೆಗೆಯುವಾಗ ಹಗ್ಗ ಹಿಡಿದು ಅಳೆಯುವುದು ಆ ಮನೆಯ ಹೆಂಗಸರ ಕಸುಬು. ವರ್ಷದ ಆ ಒಂದು ದಿನ ಮಾತ್ರ ಕೈಯಲ್ಲಿ ಹಗ್ಗವಿರುತ್ತಿರಲಿಲ್ಲ, ಆರು ಮೊಳದ ಹೊನ್ನೆ ಮರದ ಕೋಲು ಇರುತ್ತಿತ್ತು.

ಊರಬಾಗಿಲಲ್ಲಿ ನೆಲಕ್ಕೆ ಹಾಸಿದ ಒಂದು ಬಂಡೆ. ಬಂಡೆಯ ಮೇಲೆ ಉದ್ದಕ್ಕೆ ಕೊರೆದ ಒಂದು ಗೀರು. ಬೆಳಿಗ್ಗೆ ಕೋಲನ್ನು ಗೀರಿನ ಮೇಲಿಟ್ಟು ಎತ್ತಿಕೊಳ್ಳಬೇಕು. ಆಮೇಲೆ ದಾರಿ ಎಡಕ್ಕೆ ಹೊರಳಲಿ, ಬಲಕ್ಕೆ ಹೊರಳಲಿ, ಕೋಲು ಹೊರಳಬಾರದು. ಮೈ ತಿರುಗಬಹುದು, ಕೋಲು ತಿರುಗಬಾರದು. ಗಡಿಯೆಲ್ಲ ಸುತ್ತಿ ಸಂಜೆಗೆ ಬಂದು ಮತ್ತೆ ಬಂಡೆಯ ಮೇಲಿಟ್ಟರೆ ಕೋಲು ಗೀರಿಗೆ ಸರಿಯಾಗಿ ಕೂರಬೇಕು. ಆಗ ಊರಿನ ಯಜಮಾನ ಬಗ್ಗಿ ನೋಡಿ ಕೂಗುತ್ತಿದ್ದ: “ನೆಲ ನೆಟ್ಟಗಿದೆ!” ನೆರೆದವರೆಲ್ಲ ಕೂಗುತ್ತಿದ್ದರು: “ನೆಟ್ಟಗಿದೆ!” ಹೀಗೆ ಮೂರು ಸಲ. ಕೋಲು ಗೀರಿಗೆ ಕೂರದ ವರ್ಷ ಯಾರ ನೆನಪಿನಲ್ಲೂ ಇರಲಿಲ್ಲ.

ಆದರೆ ಕೋಲು ತಿರುಗುತ್ತಿತ್ತು.

ಅಳತೆಗಾತಿ ಮೊದಲ ಸಲ ಗಡಿ ಸುತ್ತಿದ ವರ್ಷ, ಊರಬಾಗಿಲಿಗೆ ಇನ್ನೂರು ಹೆಜ್ಜೆ ಇರುವ ಹುಣಸೆಮರದ ಮರೆಯಲ್ಲಿ ಅವಳ ತಾಯಿ ಕಾದು ನಿಂತಿದ್ದಳು. ಬಂಡೆಯ ಕಡೆಗೊಮ್ಮೆ, ಕೋಲಿನ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದಳು. ಕೋಲಿನ ತುದಿಯನ್ನು ಒಂದು ಗೇಣು ಎಡಕ್ಕೆ ಸರಿಸಿದಳು.

“ಯಾರಿಗೂ ಹೇಳಬೇಡ,” ಎಂದಳು. “ಕೈ ಪಳಗಿದರೆ ಸರಿಹೋಗುತ್ತೆ.”

ಕೈ ಪಳಗಿತು, ಸರಿಹೋಗಲಿಲ್ಲ. ಎರಡನೆಯ ವರ್ಷವೂ ಕೋಲು ಒಂದು ಗೇಣು ಬಲಕ್ಕೆ ತಿರುಗಿ ಬಂತು. ಐದನೆಯ ವರ್ಷವೂ ಬಂತು. ಅಳತೆಗಾತಿ ಹಿತ್ತಲಿನಲ್ಲಿ ಕೋಲಿನ ಎರಡೂ ತುದಿಗೆ ತುಂಬಿದ ಕೊಡ ಕಟ್ಟಿಕೊಂಡು ನಡೆಯುವುದನ್ನು ಕಲಿತಳು. ಒಂದು ಹನಿ ತುಳುಕುತ್ತಿರಲಿಲ್ಲ. ಆದರೂ ಗಡಿ ಸುತ್ತಿ ಬಂದರೆ ಅದೇ ಒಂದು ಗೇಣು, ಅದೇ ಬಲಕ್ಕೆ. ಹನ್ನೊಂದು ವರ್ಷ ಅವಳು ಹುಣಸೆಮರದ ಮರೆಯಲ್ಲಿ ನಿಂತು ಕೋಲನ್ನು ಸರಿಮಾಡಿಕೊಂಡಳು. ಹನ್ನೊಂದು ವರ್ಷ ಊರು “ನೆಟ್ಟಗಿದೆ!” ಎಂದು ಕೂಗುವಾಗ ತಲೆ ತಗ್ಗಿಸಿ ನಿಂತಳು. ಇಡೀ ಊರಿನಲ್ಲಿ ತನ್ನ ಕೈಯೊಂದೇ ಸೊಟ್ಟ ಎಂದು ಅವಳು ನಂಬಿದ್ದಳು.

ಗಡಿಯ ಒಳಗೇ, ಊರಿನ ಮೂಡಲಿಗೆ, ಯಾರೂ ಉಳದ ಒಂದು ಜಾಗವಿತ್ತು. ಅದಕ್ಕೆ ಸುಳಿ ಎಂದು ಹೆಸರು. ನೋಡುವುದಕ್ಕೆ ಅಲ್ಲೇನೂ ಇರಲಿಲ್ಲ. ಮೊಣಕಾಲೆತ್ತರದ ಹುಲ್ಲು, ಬಿಸಿಲಿಗೆ ನಡುಗುವ ಗಾಳಿ, ಅಷ್ಟೇ. ದನಗಳು ಅಂಚಿನವರೆಗೆ ಮೇದು ಹಿಂದಿರುಗುತ್ತಿದ್ದವು. ತಪ್ಪಿ ಒಳಗೆ ಹೋದವರು ದೂರದಲ್ಲಿ ಯಾರದೋ ಬೆನ್ನು ಕಂಡಿತೆಂದು ಹೇಳಿ, ಬೆವೆತು, ಓಡಿ ಬರುತ್ತಿದ್ದರು. ಹಾಗಾಗಿ ಆ ಊರಿನಲ್ಲಿ ಮಕ್ಕಳಿಗೆ ಮಾತು ಬಂದ ಕೂಡಲೇ ಒಂದು ಕಟ್ಟಳೆ ಹೇಳಿಕೊಡುತ್ತಿದ್ದರು: ಸುಳಿಯಲ್ಲಿ ಯಾರ ಬೆನ್ನು ಕಂಡರೂ ಕೂಗಬೇಡ, ಮುಂದೆ ಹೆಜ್ಜೆ ಇಡಬೇಡ, ಹಿಂದಿರುಗಿ ಬಾ.

ಹನ್ನೆರಡನೆಯ ವರ್ಷ ಊರಿಗೆ ಮತ್ತೆ ಜ್ವರ ಬಂತು, ಹಿಂದೆಯೂ ಎಷ್ಟೋ ಸಲ ಬಂದಿದ್ದ ಅದೇ ಜ್ವರ.

ಅದಕ್ಕೆ ಮದ್ದು ಇಲ್ಲದೆ ಇರಲಿಲ್ಲ. ಎಂಟು ದಿನದ ದಾರಿಯಾಚೆ ಎಲೆಯೂರು ಎಂಬಲ್ಲಿ, ಒಂದು ಇಳಿಜಾರಿನ ಮೇಲೆ, ಬೂದುಹಸಿರು ಎಲೆಯ ಗಿಡಗಳಿದ್ದವು. ಹಸಿ ಎಲೆ ಅರೆದು ರಸ ಕುಡಿಸಿದರೆ ಜ್ವರ ಇಳಿಯುತ್ತಿತ್ತು. ಆದರೆ ಕಿತ್ತ ಎಲೆಗೆ ಒಂದೇ ದಿನದ ಜೀವ. ಗಿಡ ತಂದು ನೆಟ್ಟರೆ ಈ ಮಣ್ಣಿನಲ್ಲಿ ಬೇರು ಬಿಡುತ್ತಿರಲಿಲ್ಲ. ರೋಗಿಯನ್ನೇ ಹೊತ್ತು ಹೋದರೆ ಅರ್ಧ ದಾರಿಯಲ್ಲಿ ಹೂಳಬೇಕಾಗುತ್ತಿತ್ತು. ಊರಿಗೊಬ್ಬ ಓಟಗಾರನಿದ್ದ. ನಡು ವಯಸ್ಸು, ಉದ್ದ ಕಾಲು, ಮಾತು ಕಡಿಮೆ. ಎಂಟು ದಿನದ ದಾರಿಯನ್ನು ಅವನು ನಾಲ್ಕು ದಿನದಲ್ಲಿ ಓಡುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನು ಹಸಿರು ಎಲೆ ತಂದಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ತಂದ, ಮಣ್ಣಿನ ಕುಡಿಕೆಯಲ್ಲಿ ತಂದ, ತನ್ನ ಎದೆಗೆ ಕಟ್ಟಿಕೊಂಡು ತಂದ. ಬಿಚ್ಚಿದರೆ ಕಪ್ಪು ಪುಡಿ. ಆ ಪುಡಿಯನ್ನೇ ಕುದಿಸಿ ಯಜಮಾನ ಮನೆಮನೆಗೆ ಹಂಚುತ್ತಿದ್ದ. ಜನ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು, ಸಾಯುತ್ತಿದ್ದರು.

ಹತ್ತೊಂಬತ್ತು ಜನ ಹೋದ ಮೇಲೆ ಅಳತೆಗಾತಿಯ ತಾಯಿ ಮಲಗಿದಳು.

ಎರಡನೆಯ ಬೆಳಿಗ್ಗೆ ತಾಯಿಗೆ ಸ್ವಲ್ಪ ಎಚ್ಚರ ಬಂತು. ಮಗಳ ಮಣಿಕಟ್ಟು ಹಿಡಿದುಕೊಂಡಳು. ಅವಳ ಬೆರಳು ಕಾದ ಕಾವಲಿಯಂತೆ ಸುಡುತ್ತಿತ್ತು.

“ಒಂದು ಮಾತು ಕೇಳ್ತೀನಿ, ನಿಜ ಹೇಳು,” ಎಂದಳು. “ಗಡಿ ಸುತ್ತುವಾಗ ನಿನ್ನ ಕೈ ನಡುಗುತ್ತಿತ್ತೇನೇ?”

“ಇಲ್ಲವ್ವ,” ಎಂದಳು ಮಗಳು. “ಒಂದು ಸಲವೂ ಇಲ್ಲ.”

ತಾಯಿ ಅವಳ ಮಣಿಕಟ್ಟು ಬಿಟ್ಟಳು. ಆಮೇಲೆ ಹೇಳಿದಳು: “ನನ್ನದೂ ನಡುಗುತ್ತಿರಲಿಲ್ಲ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನನ್ನವ್ವ ಮರದ ಮರೆಯಲ್ಲಿ ನಿಂತು ಕೋಲು ಸರಿಮಾಡಿ ಕೊಟ್ಟಳು. ಅವಳದು ನಡುಗುತ್ತಿತ್ತೋ ಏನೋ, ನಾನು ಕೇಳಲಿಲ್ಲ. ನಾಚಿಕೆ. ಕೇಳಿದರೆ ನನ್ನದು ಹೇಳಬೇಕಾಗುತ್ತಿತ್ತಲ್ಲ.”

“ನಿನ್ನದು ಎಷ್ಟು ತಿರುಗುತ್ತಿತ್ತು?”

“ಒಂದು ಗೇಣು. ಬಲಕ್ಕೆ. ಅವ್ವನದೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಮರದ ಮರೆಯಲ್ಲಿ ಯಾಕೆ ಕಾಯ್ತಿದ್ದಳು?”

ಅಳತೆಗಾತಿ ಎದ್ದು ನಿಂತಳು. ಮೂರು ತಲೆಮಾರು, ಮೂರು ಕೈ. ಕೈ ತಪ್ಪಿದ್ದರೆ ಒಬ್ಬಳದು ಎಡಕ್ಕೆ ತಪ್ಪಬೇಕಿತ್ತು, ಒಬ್ಬಳದು ಬಲಕ್ಕೆ. ಒಂದು ವರ್ಷ ಬೆರಳಷ್ಟು, ಒಂದು ವರ್ಷ ಮೊಳದಷ್ಟು. ಎಲ್ಲರದೂ ಒಂದೇ ಗೇಣು, ಎಲ್ಲರದೂ ಒಂದೇ ಕಡೆ ಎಂದರೆ ಅದು ಕೈಯ ತಪ್ಪಲ್ಲ. ಅದು ನೆಲದ ಗುಣ.

ಅವಳು ಕೋಲು ತೆಗೆದುಕೊಂಡು ನೇರ ಊರಬಾಗಿಲಿಗೆ ಹೋದಳು. ಅಲ್ಲಿ ಯಜಮಾನ ದೊಡ್ಡ ಹಂಡೆಯ ಮುಂದೆ ಕೂತು ಕಪ್ಪು ನೀರು ಹಂಚುತ್ತಿದ್ದ. ಹಿಂದಿನ ದಿನವಷ್ಟೇ ಓಡಿ ಬಂದಿದ್ದ ಓಟಗಾರ ಗೋಡೆಗೊರಗಿ ಪಾದಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಸಾಲಿನಲ್ಲಿ ನಿಂತ ಜನರ ಮುಂದೆ ಅವಳು ಹೇಳಿದಳು:

“ಯಜಮಾನರೇ, ಕೋಲು ತಿರುಗುತ್ತೆ. ಹನ್ನೊಂದು ವರ್ಷ ನಾನು ಮರದ ಮರೆಯಲ್ಲಿ ಅದನ್ನು ಸರಿಮಾಡಿಕೊಂಡು ಬಂದಿದ್ದೀನಿ. ನಮ್ಮವ್ವನೂ ಹಾಗೇ ಮಾಡಿದಳು, ಅವಳ ಅವ್ವನೂ. ನಮ್ಮ ಕೈ ನೆಟ್ಟಗಿದೆ. ಬಾಗಿರೋದು ನೆಲ.”

ಯಜಮಾನನ ಕೈಯ ಸೌಟು ಹಂಡೆಯ ಮೇಲೇ ನಿಂತಿತು.

“ಹಾಗಾದರೆ ಇಷ್ಟು ವರ್ಷ ನಾನು ಕೂಗಿದ್ದು?” ಎಂದು ಅವನು ಮೆಲ್ಲಗೆ ಕೇಳಿದ.

“ಸುಳ್ಳು. ನಾವು ನಿಮಗೆ ಹೇಳಿಸಿದ ಸುಳ್ಳು.”

“ನೆಲವೇ ಬಾಗಿದೆ ಅಂದರೆ ಜನ ಯಾವ ಧೈರ್ಯದ ಮೇಲೆ ಪಾಯ ತೆಗೀತಾರೆ? ಸಾಯ್ತಾ ಇರೋ ಊರಿಗೆ ಈ ಮಾತು ಬೇಡ, ತಾಯಿ.”

“ಇಷ್ಟು ವರ್ಷ ಮನೆಗಳು ನಿಂತಿರೋದು ಬಾಗಿದ ನೆಲದ ಮೇಲೇ ಅಲ್ಲವಾ, ಯಜಮಾನರೇ?”

ಅವನಿಗೆ ಸಿಟ್ಟು ಬಂತು. ಅವನ ಸೊಸೆ ಆ ಬೆಳಿಗ್ಗೆಯೇ ಮಲಗಿದ್ದಳು, ಅದು ಯಾರಿಗೂ ಇನ್ನೂ ಗೊತ್ತಿರಲಿಲ್ಲ. “ಕೋಲು ಅಲ್ಲಿಡು,” ಎಂದ. “ಇವತ್ತಿನಿಂದ ನೀನು ಈ ಊರಿನ ಅಳತೆಗಾತಿ ಅಲ್ಲ.”

ಅವಳು ಕೋಲನ್ನು ಬಂಡೆಯ ಮೇಲಿಟ್ಟಳು. ಮನೆಗೆ ಹೋಗಿ, ಅವ್ವನ ಹಣೆಗೆ ತಣ್ಣನೆ ಬಟ್ಟೆ ಹಾಕಿ, ಪಕ್ಕದ ಮನೆಯವಳನ್ನು ಕೂರಿಸಿ, ಅಳತೆಯ ಹಗ್ಗ ಹೆಗಲಿಗೆ ಹಾಕಿಕೊಂಡು ಮೂಡಲಿಗೆ ಹೊರಟಳು. ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಓಟಗಾರ ಬರುತ್ತಿದ್ದ. ಅವನ ಕೈಯಲ್ಲಿ ಊರುಗೋಲು ಇತ್ತು.

“ಎಲ್ಲಿಗೆ ತಂಗಿ?”

“ಸುಳಿಗೆ. ಗಡಿ ಸುತ್ತಿದರೆ ಕೋಲು ಒಂದು ಗೇಣು ತಿರುಗುತ್ತೆ, ಅಣ್ಣ. ಬಾಗು ಎಲ್ಲೋ ಒಳಗಿದೆ. ಯಾರೂ ಕಾಲಿಡದ ಜಾಗ ಒಳಗೆ ಅದೊಂದೇ.”

“ಬಾಗು ಸಿಕ್ಕಿದರೆ ಏನಾಗುತ್ತೆ?”

“ನೆಲ ಬಾಗಿದೆ ಅಂದರೆ ಯಾವುದೋ ಕಡೆಗೆ ಬಾಗಿರಬೇಕು. ಎಂಟು ದಿಕ್ಕು ಗೊತ್ತು. ಮೇಲೆ ಒಂದು, ಕೆಳಗೆ ಒಂದು, ಹತ್ತು. ಈ ಹತ್ತರಲ್ಲಿ ಯಾವುದರ ಕಡೆಗೂ ಬಾಗಿದ ಗುರುತಿಲ್ಲ. ದಿಣ್ಣೆ ಇಲ್ಲ, ಹಳ್ಳ ಇಲ್ಲ, ನೀರು ಚೆಲ್ಲಿದರೆ ಹರಿಯೋದಿಲ್ಲ. ಹಾಗಾದರೆ ಹನ್ನೊಂದನೆಯ ದಿಕ್ಕೊಂದು ಇದೆ.”

“ಅದು ಯಾವ ಕಡೆ?”

“ಬೆರಳು ಮಾಡಿ ತೋರಿಸೋಕೆ ಬರೋದಿಲ್ಲ. ಕಾಲಿಗೆ ಸಿಗಬಹುದು.”

ಸುಳಿಯ ಅಂಚಿಗೆ ಬಂದಾಗ ಅವಳು ಅವನಿಗೆ ಹೇಳಿದಳು, ಊರುಗೋಲನ್ನು ಅಡ್ಡ ಹಿಡಿದು, ಒಂದಿಷ್ಟೂ ಹೊರಳಿಸದೆ, ಈ ಹುಲ್ಲಿನ ಸುತ್ತ ಒಂದು ಸುತ್ತು ಬಾ ಎಂದು. ಅವನು ಹೋದ. ನೂರಾರು ಹರದಾರಿ ಮೈ ಅಲುಗದಂತೆ ಓಡಿದವನು ಅವನು, ಅವನ ತೋಳು ಕಲ್ಲಿನಂತೆ ನಿಲ್ಲುತ್ತಿತ್ತು. ಹೊರಟಾಗ ಕೋಲಿನ ತುದಿ ಊರಿನ ಕಡೆಗಿತ್ತು. ಬಂದು ನಿಂತಾಗ ಅದು ಬಡಗಣದಲ್ಲಿ ದೂರಕ್ಕೆ ಕಾಣುವ ಬೆಟ್ಟದ ಕಡೆಗಿತ್ತು. ಒಂದು ಗೇಣಲ್ಲ, ಪೂರಾ ಕಾಲು ಸುತ್ತು. ಅವನು ಕೋಲನ್ನು ನೋಡಿದ, ಊರನ್ನು ನೋಡಿದ, ತನ್ನ ತೋಳನ್ನು ನೋಡಿದ.

“ನಾನು ತಿರುಗಿಸಲಿಲ್ಲ ತಂಗಿ,” ಎಂದ.

“ಗೊತ್ತು,” ಎಂದಳು ಅಳತೆಗಾತಿ. ಆ ಒಂದು ಮಾತು ಹೇಳುವಾಗ ಅವಳ ಕಣ್ಣು ತುಂಬಿತು. ಹನ್ನೊಂದು ವರ್ಷ ಅವಳಿಗೆ ಯಾರೂ ಆ ಮಾತು ಹೇಳಿರಲಿಲ್ಲ.

ಆಮೇಲೆ ಅವಳು ಹಗ್ಗ ಬಿಚ್ಚಿದಳು. ಅಂಚಿನಲ್ಲಿ ಸುತ್ತಲೂ ಅಳೆದಳು. ತೊಂಬತ್ತು ಮಾರು. ಹತ್ತು ಮಾರು ಒಳಗೆ ಹೋಗಿ ಮತ್ತೆ ಸುತ್ತ ಅಳೆದಳು. ಅವಳ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು: ಹತ್ತು ಮಾರು ಒಳಗೆ ಸರಿದರೆ ಸುತ್ತು ಅರವತ್ತಮೂರು ಮಾರು ಕುಗ್ಗಬೇಕು. ಕುಗ್ಗಿದ್ದು ಇಪ್ಪತ್ತೇ. ಇನ್ನು ಹತ್ತು ಮಾರು ಒಳಗೆ ಹೋದಳು. ಕುಗ್ಗಿದ್ದು ಎಂಟೇ. ಎಷ್ಟು ಒಳಗೆ ಹೋದರೂ ನಡುಮಧ್ಯ ಎನ್ನುವುದು ಬರಲೇ ಇಲ್ಲ.

“ಅಣ್ಣಾ, ಇದು ಬಟ್ಟಲು ಅಲ್ಲ,” ಎಂದು ಅವಳು ಕೂಗಿ ಹೇಳಿದಳು. “ಇದಕ್ಕೆ ತಳ ಇಲ್ಲ. ಇದು ಕುತ್ತಿಗೆ, ಕೊಡದ ಕುತ್ತಿಗೆಯ ಹಾಗೆ ಆಚೆ ಮತ್ತೆ ಅಗಲವಾಗುತ್ತೆ.”

ಓಟಗಾರ ಅಂಚಿನಲ್ಲಿ ನಿಂತು ಹಗ್ಗದ ತುದಿ ಹಿಡಿದುಕೊಂಡ. ಅವಳು ಇನ್ನೂ ಹತ್ತು ಮಾರು ನಡೆದಳು. ಗಾಳಿ ನಿಂತಿತು. ಬೆಳಕು ಮೇಲಿನಿಂದ ಬೀಳುವ ಬದಲು ಪಕ್ಕದಿಂದ ಬರುತ್ತಿರುವಂತೆ ಕಂಡಿತು. ಅಲ್ಲಿ ಸುತ್ತು ಅರವತ್ತು ಮಾರು, ಒಂದು ಹೆಜ್ಜೆ ಮುಂದಿಟ್ಟರೂ ಅರವತ್ತು, ಹಿಂದಿಟ್ಟರೂ ಅರವತ್ತು. ಅವಳು ಬಲಕ್ಕೆ ತಿರುಗಿ ನೋಡಿದಳು.

ಅಲ್ಲಿ ಒಬ್ಬ ಹೆಂಗಸು ಬೆನ್ನು ಮಾಡಿ ನಿಂತಿದ್ದಳು.

ಮಾತು ಬಂದ ದಿನದಿಂದ ಕೇಳಿದ ಕಟ್ಟಳೆ ಕಾಲನ್ನು ಹಿಂದಕ್ಕೆ ಎಳೆಯಿತು. ಕೂಗಬೇಡ. ಮುಂದೆ ಹೆಜ್ಜೆ ಇಡಬೇಡ. ಹಿಂದಿರುಗಿ ಬಾ. ಮನೆಯಲ್ಲಿ ಅವ್ವನ ಉಸಿರು ಈಗ ಹೇಗಿದೆಯೋ ಎಂದು ಒಮ್ಮೆ ಅನ್ನಿಸಿತು. ಅವಳು ಹಿಂದಿರುಗಲಿಲ್ಲ, ಬೆನ್ನನ್ನು ನೋಡುತ್ತ ನಿಂತಳು. ಆ ಹೆಂಗಸಿನ ಹೆಗಲ ಮೇಲೂ ಹಗ್ಗದ ಸುರುಳಿಯಿತ್ತು. ಜಡೆಯ ತುದಿ ಬಿಚ್ಚಿಹೋಗಿತ್ತು. ರವಿಕೆಯ ಬೆನ್ನಿಗೆ ಒಂದು ತೇಪೆ. ಆ ತೇಪೆಯನ್ನು ಹಾಕಿದ್ದು ತನ್ನ ಅವ್ವ.

ಅಳತೆಗಾತಿ ಎಡಗೈ ಎತ್ತಿದಳು. ಆ ಹೆಂಗಸೂ ಎಡಗೈ ಎತ್ತಿದಳು.

ಅವಳಿಗೆ ನಗು ಬಂತು. ಅರವತ್ತು ಮಾರು ಸುತ್ತಿ ಅವಳ ನೋಟ ಅವಳ ಬೆನ್ನಿಗೇ ಬಂದು ಮುಟ್ಟಿತ್ತು. ಆ ಊರಿನ ಜನ ಇಷ್ಟು ಕಾಲ ತಮ್ಮ ಬೆನ್ನು ಕಂಡೇ ಹೆದರಿ ಓಡಿ ಬಂದಿದ್ದರು.

“ಬಾ ಅಣ್ಣ!” ಎಂದು ಕೂಗಿದಳು. “ಹಗ್ಗ ಹಿಡಿದುಕೊಂಡೇ ಬಾ. ಬೆನ್ನು ಕಂಡರೆ ಕೈ ಎತ್ತಿ ನೋಡು.”

ಓಟಗಾರ ಬಂದ. ಕುತ್ತಿಗೆಯಲ್ಲಿ ನಿಂತ. ಆಮೇಲೆ ಕೈ ಎತ್ತಿದ, ಕಾಲು ಎತ್ತಿದ, ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದಷ್ಟು ಜೋರಾಗಿ ನಕ್ಕ. “ನಾನು ಓಡಿಹೋಗೋದು ನಿಮಗೆಲ್ಲ ಹೀಗೆ ಕಾಣ್ತಿತ್ತೇನು!”

ಇಬ್ಬರೂ ಮುಂದೆ ನಡೆದರು. ಸುತ್ತು ಅರವತ್ತೆರಡಾಯಿತು, ಎಪ್ಪತ್ತಾಯಿತು. ಅವರು ಎಲ್ಲಿಯೂ ತಿರುಗಿರಲಿಲ್ಲ, ಹತ್ತಿರಲಿಲ್ಲ, ಇಳಿದಿರಲಿಲ್ಲ. ತೊಂಬತ್ತು ಮಾರಿನ ಸುತ್ತಿಗೆ ಬಂದಾಗ ಮುಖಕ್ಕೆ ತಂಗಾಳಿ ಬಡಿಯಿತು. ಮುಂದೆ ಬೂದುಹಸಿರು ಇಳಿಜಾರು. ಓಟಗಾರ ಅಲ್ಲೇ ಕುಸಿದು ಕೂತ. ಇಳಿಜಾರಿನ ಬುಡದ ಪ್ರತಿಯೊಂದು ಕಲ್ಲೂ ಅವನಿಗೆ ಗೊತ್ತಿತ್ತು. ನಾಲ್ಕು ದಿನ ಓಡಿ ಬಂದು ಅವನು ಏದುಸಿರು ಬಿಡುತ್ತಿದ್ದ ಜಾಗ ಅದು. ಈಗ ಅವನಿಗೆ ಬೆವರು ಕೂಡ ಬಂದಿರಲಿಲ್ಲ.

ಎಲೆ ಕೊಯ್ಯುತ್ತಿದ್ದ ಮುದುಕಿ ಅವನನ್ನು ನೋಡಿ ಬುಟ್ಟಿ ಕೆಳಗಿಟ್ಟಳು.

“ಏನಪ್ಪಾ, ನಾಲ್ಕೈದು ದಿನದ ಹಿಂದೆ ಹೋದವನು! ಅರ್ಧ ದಾರಿಯಿಂದ ವಾಪಸ್ ಬಂದೆಯಾ?”

“ಇಲ್ಲಮ್ಮ,” ಎಂದ ಓಟಗಾರ. “ಊರು ಮುಟ್ಟಿ, ಗಂಜಿ ಕುಡಿದು, ಮಲಗಿ ಎದ್ದು ಬಂದೆ.”

“ಬಿಸಿಲು ತಲೆಗೆ ಹತ್ತಿದೆ ಇವನಿಗೆ,” ಎಂದಳು ಎಲೆಯಾಕೆ, ಅಳತೆಗಾತಿಯ ಕಡೆ ತಿರುಗಿ. “ನೀನು ಯಾರವ್ವ? ಕಾಲಿಗೆ ಧೂಳೇ ಇಲ್ಲ!”

“ಆಮೇಲೆ ಹೇಳ್ತೀನಿ ಅಜ್ಜಿ, ಕೂತು ಎಲ್ಲ ಹೇಳ್ತೀನಿ. ಈಗ ಎಲೆ ಕೊಡಿ. ನಮ್ಮವ್ವ ಸಾಯ್ತಾ ಇದ್ದಾಳೆ.”

ಎಲೆಯಾಕೆ ಇನ್ನೊಂದು ಬುಟ್ಟಿ ತಂದಳು. ಮೂವರೂ ಕೂತು ಎರಡು ಬುಟ್ಟಿ ತುಂಬ ಎಲೆ ಕಿತ್ತರು. ಕಿತ್ತ ತೊಟ್ಟಿನಿಂದ ಹಾಲು ಜಿನುಗುತ್ತಿತ್ತು. ಅವರು ಸುಳಿ ದಾಟಿ ಊರಿಗೆ ಬಂದಾಗ ಆ ಹಾಲು ಇನ್ನೂ ಆರಿರಲಿಲ್ಲ.

ಅಳತೆಗಾತಿ ಅವ್ವನ ತಲೆ ಎತ್ತಿ ಹಿಡಿದು ಚಮಚೆ ಚಮಚೆಯಾಗಿ ರಸ ಕುಡಿಸಿದಳು. ಓಟಗಾರ ಎರಡನೆಯ ಬುಟ್ಟಿ ಹಿಡಿದು ಬೀದಿಗೆ ಓಡಿದ. ಪ್ರತಿ ಬಾಗಿಲಲ್ಲೂ ನಿಂತು ಒಂದೇ ಮಾತು ಕೂಗಿದ: “ಹಸಿರು ಎಲೆ! ಹಸಿರು ಎಲೆ ತಂದಿದ್ದೀನಿ!” ಜನ ನಂಬದೆ ಹೊರಗೆ ಬಂದರು, ಮುಟ್ಟಿ ನೋಡಿದರು, ಮೂಸಿ ನೋಡಿದರು. ಹೆಂಗಸರು ಒರಳು ತೊಳೆದರು. ಆ ಮಧ್ಯಾಹ್ನ ಊರಿನ ತುಂಬ ಎಲೆ ಅರೆಯುವ ಸದ್ದು.

ಸಂಜೆ ಯಜಮಾನ ಅಳತೆಗಾತಿಯ ಮನೆಯ ಮುಂದೆ ಬಂದು ನಿಂತ. ಒಳಗೆ ಬರಲಿಲ್ಲ.

“ಸೊಸೆ ಕಣ್ಣು ಬಿಟ್ಟಳು,” ಎಂದ. “ನೀರು ಕೇಳಿದಳು.” ಆಮೇಲೆ ಕೇಳಿದ: “ಆ ದಾರಿ, ನನ್ನ ವಯಸ್ಸಿನವರು ನಡೆಯಬಹುದೇನಮ್ಮ?”

“ಅಂಚಿನಿಂದ ಅಂಚಿಗೆ ಅರವತ್ತು ಮಾರು, ಯಜಮಾನರೇ. ನಿಮ್ಮ ಮನೆಯಿಂದ ಕೆರೆಗೆ ಇರೋದಕ್ಕಿಂತ ಹತ್ತಿರ.”

ಮರುದಿನ ಬೆಳಿಗ್ಗೆ ಅವನು ಊರಿನ ಎದುರಿಗೆ ಸುಳಿಗೆ ಕಾಲಿಟ್ಟ. ಅವನ ಹಿಂದೆ ನಡೆಯಬಲ್ಲವರೆಲ್ಲ ನಡೆದರು. ಕುತ್ತಿಗೆಯಲ್ಲಿ ಅವನು ನಿಂತ. ತನ್ನ ಬಾಗಿದ ಬೆನ್ನನ್ನು, ಬಿಳಿಯ ರುಮಾಲನ್ನು ತುಂಬ ಹೊತ್ತು ನೋಡಿದ. ಅವನು ಹಿಂದಿರುಗುತ್ತಾನೋ ಎಂದು ಜನ ಕಾದರು. ಅವನು ರುಮಾಲು ಬಿಚ್ಚಿ, ಗಟ್ಟಿಯಾಗಿ ಸುತ್ತಿಕೊಂಡು, ಮುಂದೆ ಹೆಜ್ಜೆ ಇಟ್ಟ. ಎಲೆಯೂರಿನ ಇಳಿಜಾರಿನ ಮೇಲೆ ನಿಂತು, ವರ್ಷವರ್ಷವೂ ಕೂಗಿ ಒರಟಾದ ಅದೇ ಗಂಟಲಿನಲ್ಲಿ, “ನೆಲ ಬಾಗಿದೆ!” ಎಂದು ಕೂಗಿದ. ಎರಡೂ ಊರಿನ ಜನ ಕೂಗಿದರು: “ಬಾಗಿದೆ!” ಆ ಕೂಗು ಕುತ್ತಿಗೆಯೊಳಗೆ ಹೊಕ್ಕು, ಎಂಟು ದಿನದ ದಾರಿಯ ಈಚೆ, ಹಾಸಿಗೆಯಲ್ಲಿ ಎದ್ದು ಕೂತವರಿಗೂ ಕೇಳಿಸಿತು.

ಆ ದಿನದಿಂದ ಆ ಊರಿನಲ್ಲಿ ಜ್ವರಕ್ಕೆ ಯಾರೂ ಸಾಯಲಿಲ್ಲ.

ಹತ್ತನೆಯ ದಿನ ಅಳತೆಗಾತಿಯ ತಾಯಿ ಹಾಸಿಗೆ ಸುತ್ತಿಟ್ಟಳು. ಮಗಳ ತೋಳು ಹಿಡಿದು ಸುಳಿ ದಾಟಿದಳು. ಕುತ್ತಿಗೆಯಲ್ಲಿ ನಿಂತು ತನ್ನ ಬೆನ್ನು ನೋಡಿ, “ಎಷ್ಟು ಸೊರಗಿದ್ದೀನಿ ನೋಡೇ,” ಎಂದಳು. ಇಳಿಜಾರಿನ ಮೇಲೆ ಎಲೆಯಾಕೆ ಅವರಿಬ್ಬರಿಗೂ ಮಜ್ಜಿಗೆ ಕೊಟ್ಟು ಕೂರಿಸಿದಳು. ತಾಯಿ ಮಜ್ಜಿಗೆ ಕುಡಿಯುತ್ತ ಪಡುವಣದ ಕಡೆ ನೋಡುತ್ತಿದ್ದಳು. ಅಲ್ಲಿ ನೀಲಿಯಾಗಿ ಒಂದು ಗುಡ್ಡದ ಸಾಲು ಕಾಣುತ್ತಿತ್ತು.

“ಅದರಾಚೆ ಏನಿದೆ?” ಎಂದು ಕೇಳಿದಳು.

“ಸಮುದ್ರ ಅಂತಾರೆ,” ಎಂದಳು ಎಲೆಯಾಕೆ. “ನಾವು ಯಾರೂ ನೋಡಿಲ್ಲ. ಹೋಗಿ ಬರೋಕೆ ಒಂದು ಆಯಸ್ಸೇ ಬೇಕಂತೆ.”

ತಾಯಿ ಲೋಟ ಕೆಳಗಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎದ್ದು ನಿಂತಳು.

“ಹಾಗಂತ ಅಳೆದವರು ಯಾರು?” ಎಂದಳು.